ಪ್ಯಾಥೋಫಿಸಿಯಾಲಜಿ ಓದುವುದು ಹೇಗೆ? ಬಿ.ಫಾರ್ಮಾ ಎರಡನೇ ಸೆಮಿಸ್ಟರಿನವರಿಗೆ ಒಂದು ದಾರಿ

ಪ್ಯಾಥೋಫಿಸಿಯಾಲಜಿ ಅಂದರೆ ಕಾಯಿಲೆ ಬಂದಾಗ ದೇಹದ ಕೆಲಸ ಹೇಗೆ ಕೆಡುತ್ತದೆ ಎಂಬ ಪಾಠ. ಬಿ.ಫಾರ್ಮಾ ಎರಡನೇ ಸೆಮಿಸ್ಟರಿನ ಈ ಪೇಪರನ್ನು ಹೆಚ್ಚಿನವರು ಓದುವುದು ಒಂದೇ ರೀತಿ. ಕಾಯಿಲೆಯ ಹೆಸರು, ಅದರ ಕೆಳಗೆ ಡೆಫಿನಿಷನ್, ಆಮೇಲೆ ಕಾರಣಗಳ ಪಟ್ಟಿ, ಲಕ್ಷಣಗಳ ಪಟ್ಟಿ. ಇಂಥ ಕಾಯಿಲೆಗಳು ಸಿಲಬಸ್ಸಿನಲ್ಲಿ ಮೂವತ್ತಕ್ಕೂ ಜಾಸ್ತಿ ಇವೆ. ಹಿಂದಿನ ರಾತ್ರಿ ಕೂತು ಉರು ಹೊಡೆದರೆ ಇಂಟರ್ನಲ್ಸ್ ದಾಟಬಹುದು. ಆದರೆ ನಾಲ್ಕನೇ ಸೆಮಿಸ್ಟರಿನಲ್ಲಿ ಫಾರ್ಮಕಾಲಜಿ ಶುರುವಾದಾಗ ಅದರಲ್ಲಿ ಏನೂ ಉಳಿದಿರುವುದಿಲ್ಲ. ಹಾರ್ಟ್ ಫೇಲ್ಯೂರ್ ಆದವರಿಗೆ ಬಿಪಿ ಮಾತ್ರೆ ಎನಲಾಪ್ರಿಲ್ ಯಾಕೆ ಕೊಡುತ್ತಾರೆ ಅಂತ ಕೇಳಿದರೆ ಬಾಯಿ ಕಟ್ಟುತ್ತದೆ.

ನನ್ನ ಪ್ರಕಾರ ಇಡೀ ಕೋರ್ಸಿನಲ್ಲಿ ಅತಿ ಮುಖ್ಯವಾದ ಪೇಪರು ಇದು. ಔಷಧಿ ಎಲ್ಲಿ ಹೋಗಿ ಏನು ಮಾಡುತ್ತದೆ ಎಂದು ಮುಂದೆ ಓದುವುದೆಲ್ಲ ಇದರ ಮೇಲೇ ನಿಂತಿದೆ. ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್, ಫಿಸಿಯೋಥೆರಪಿ ಓದುವವರಿಗೂ ಪೇಪರಿನ ಹೆಸರು ಬೇರೆ ಇರಬಹುದು, ಓದುವ ದಾರಿ ಇದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆ ಅಂದರೆ ಬರೀ ಹಾನಿ ಅಲ್ಲ. ಹಾನಿಯಾದ ಮೇಲೆ ದೇಹ ಸುಮ್ನೆ ಕೂರುವುದಿಲ್ಲ. ಸರಿಮಾಡಿಕೊಳ್ಳಲು ಏನಾದರೂ ಮಾಡುತ್ತದೆ. ರೋಗಿ ಹೇಳುವ ತೊಂದರೆಗಳಲ್ಲಿ ಬಹಳಷ್ಟು ಬರುವುದು ದೇಹ ಮಾಡುವ ಆ ಕೆಲಸದಿಂದಲೇ. ನೋಟ್ಸಿನಲ್ಲಿ ಎಲ್ಲರೂ ಹಾರಿಸಿಬಿಡುವ ಭಾಗವೂ ಅದೇ.

ಮೊದಲು ಆರೋಗ್ಯವಾಗಿರುವ ಅಂಗ

ಕಿಡ್ನಿ ಸರಿಯಾಗಿದ್ದಾಗ ಏನು ಮಾಡುತ್ತದೆ ಎಂದು ಗೊತ್ತಿಲ್ಲದೆ ಕಿಡ್ನಿ ಫೇಲ್ಯೂರ್ ಅರ್ಥವಾಗುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ. ಆದರೆ ಇಲ್ಲಿ ಟೈಮ್‌ಟೇಬಲಿನದೇ ಒಂದು ತೊಡಕಿದೆ. ಪಿಸಿಐ (ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ) ಪಠ್ಯಕ್ರಮದಲ್ಲಿ ರಕ್ತ ಮತ್ತು ಹೃದಯದ ಪಾಠ ಮೊದಲ ಸೆಮಿಸ್ಟರಿನ ಅನಾಟಮಿ ಪೇಪರಿನಲ್ಲಿ ಮುಗಿದಿರುತ್ತದೆ. ಶ್ವಾಸಕೋಶ, ಕಿಡ್ನಿ, ಹಾರ್ಮೋನುಗಳ ಪಾಠ ಬರುವುದು ಎರಡನೇ ಸೆಮಿಸ್ಟರಿನಲ್ಲಿ, ಅದೂ ಮೂರು ಮತ್ತು ನಾಲ್ಕನೇ ಯೂನಿಟ್ಟಿನಲ್ಲಿ. ಪ್ಯಾಥೋಫಿಸಿಯಾಲಜಿಯಲ್ಲಿ ಮಾತ್ರ ಅಸ್ತಮಾ ಮತ್ತು ಕಿಡ್ನಿ ಫೇಲ್ಯೂರ್ ಎರಡನೇ ಯೂನಿಟ್ಟಿಗೇ ಬಂದುಬಿಡುತ್ತವೆ. ಅಂದರೆ ಅಂಗ ಹೇಗೆ ಕೆಲಸ ಮಾಡುತ್ತದೆ ಎಂದು ಕ್ಲಾಸಿನಲ್ಲಿ ಹೇಳುವ ಮೊದಲೇ ಅದು ಕೆಟ್ಟರೆ ಏನಾಗುತ್ತದೆ ಎಂದು ಓದಬೇಕಾಗುತ್ತದೆ. ಆ ಯೂನಿಟ್ ಶುರುವಾಗುವ ಹಿಂದಿನ ವಾರ ನೀವೇ ಕೂತು ಶ್ವಾಸಕೋಶ ಮತ್ತು ಕಿಡ್ನಿಯ ಪಾಠ ಓದಿಕೊಳ್ಳಿ.

ಇಡೀ ಅಧ್ಯಾಯ ಬೇಕಾಗಿಲ್ಲ. ಮೂರು ವಿಷಯ ಒಂದು ಪುಟದಲ್ಲಿ ಬರೆದುಕೊಂಡರೆ ಸಾಕು: ಈ ಅಂಗ ಏನನ್ನು ಒಂದು ಮಟ್ಟದಲ್ಲಿ ಇಡುತ್ತದೆ, ಆ ಮಟ್ಟ ತಪ್ಪಿದ್ದು ಯಾರಿಗೆ ಗೊತ್ತಾಗುತ್ತದೆ, ಸರಿಮಾಡುವವರು ಯಾರು.

ಬಿಪಿಯನ್ನೇ ತೆಗೆದುಕೊಳ್ಳಿ. ಒತ್ತಡ ಇಳಿದದ್ದು ಕುತ್ತಿಗೆಯ ಕೆರೋಟಿಡ್ ಸೈನಸ್ ಮತ್ತು ಅಯೋರ್ಟಾದ ಬಾಗಿನಲ್ಲಿರುವ ಬ್ಯಾರೋರಿಸೆಪ್ಟರುಗಳಿಗೆ, ಅಂದರೆ ಒತ್ತಡ ಗುರುತಿಸುವ ನರದ ತುದಿಗಳಿಗೆ, ಗೊತ್ತಾಗುತ್ತದೆ. ಅವು ನರಗಳ ಮೂಲಕ ಕೆಲವೇ ಸೆಕೆಂಡಿನಲ್ಲಿ ಹೃದಯದ ಬಡಿತ ಏರಿಸಿ, ರಕ್ತನಾಳಗಳನ್ನು ಬಿಗಿ ಮಾಡಿಸುತ್ತವೆ. ಕಿಡ್ನಿ ಇನ್ನೊಂದು ಕಡೆಯಿಂದ ರೆನಿನ್ ಎಂಬ ಕಿಣ್ವ ಬಿಟ್ಟು, ಉಪ್ಪು ನೀರು ಹಿಡಿದಿಟ್ಟು, ಗಂಟೆ ಮತ್ತು ದಿನಗಳ ಲೆಕ್ಕದಲ್ಲಿ ಒತ್ತಡ ಸರಿಮಾಡುತ್ತದೆ. ಒಂದು ಬೇಗ, ಒಂದು ನಿಧಾನ. ಇಷ್ಟು ತಲೆಯಲ್ಲಿ ಇದ್ದರೆ ಬಿಪಿ, ಹಾರ್ಟ್ ಫೇಲ್ಯೂರ್, ಶಾಕ್, ಕಿಡ್ನಿ ಫೇಲ್ಯೂರ್ ನಾಲ್ಕಕ್ಕೂ ಬೇಕಾದ ಅಡಿಪಾಯ ಸಿಕ್ಕಿತು.

ಕಿಡ್ನಿಗೆ ಬಂದರೆ, ಎರಡೂ ಸೇರಿ ನಿಮಿಷಕ್ಕೆ ಸುಮಾರು 125 ಮಿಲಿ ಸೋಸುತ್ತವೆ. ದಿನಕ್ಕೆ 180 ಲೀಟರ್ ಆಯಿತು. ಮೂತ್ರವಾಗಿ ಹೊರಗೆ ಬರುವುದು ಒಂದೂವರೆ ಲೀಟರಿನಷ್ಟು. ಅಂದರೆ ಸೋಸಿದ್ದರಲ್ಲಿ ಶೇ. 99ರಷ್ಟು ವಾಪಸ್ ಹೀರಿಕೊಳ್ಳಲಾಗುತ್ತದೆ. ವಾಪಸ್ ಹೀರುವುದರಲ್ಲಿ ಶೇ. 1ರಷ್ಟು ಕಡಿಮೆ ಮಾಡಿದರೂ ಮೂತ್ರ ಎರಡು ಪಟ್ಟಾಗುತ್ತದೆ, ಅಲ್ವಾ? ಡೈಯುರೆಟಿಕ್ (ಮೂತ್ರ ಹೆಚ್ಚಿಸುವ) ಮಾತ್ರೆ ನುಂಗಿದವರು ಪದೇ ಪದೇ ಎದ್ದು ಹೋಗುವುದು ಯಾಕೆ ಎಂದು ಈ ಒಂದು ಲೆಕ್ಕದಿಂದಲೇ ಹೇಳಬಹುದು.

ಮೊದಲ ಯೂನಿಟ್ಟನ್ನು ಲಘುವಾಗಿ ನೋಡಬೇಡಿ

ಜೀವಕೋಶಕ್ಕೆ ಆಗುವ ಹಾನಿ, ಅದು ಹೊಂದಿಕೊಳ್ಳುವ ರೀತಿ, ಉರಿಯೂತ, ಗಾಯ ಮಾಯುವುದು. ಮೊದಲ ಯೂನಿಟ್ಟಿನಲ್ಲಿ ಮುಖ್ಯವಾಗಿ ಇರುವುದು ಇಷ್ಟು. ಇದರಲ್ಲಿ ಅಥೆರೋಸ್ಕ್ಲೆರೋಸಿಸ್ ಬಿಟ್ಟರೆ ಕಾಯಿಲೆಯ ಹೆಸರು ಇಲ್ಲದ ಕಾರಣ ಜನ ಬೇಗ ಮುಗಿಸಿ ಮುಂದೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಉಳಿದ ನಾಲ್ಕು ಯೂನಿಟ್ಟುಗಳಲ್ಲಿ ಇದೇ ಮತ್ತೆ ಮತ್ತೆ ಬರುತ್ತದೆ.

ಬೆರಳಿಗೆ ಮುಳ್ಳು ಚುಚ್ಚಿತು. ಕೆಲವೇ ನಿಮಿಷದಲ್ಲಿ ಸುತ್ತ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಬಾತುಕೊಳ್ಳುತ್ತದೆ, ನೋಯುತ್ತದೆ. ಈ ನಾಲ್ಕನ್ನೂ ರೋಮಿನ ಸೆಲ್ಸಸ್ ಎಂಬ ಲೇಖಕ ಒಂದನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಪರೀಕ್ಷೆಯಲ್ಲಿ ನಾಲ್ಕರ ಹೆಸರು ಬರೆದರೆ ಸ್ವಲ್ಪ ಅಂಕ ಬರುತ್ತದೆ. ಯಾಕೆ ಎಂದು ಬರೆದರೆ ಪೂರ್ತಿ ಬರುತ್ತದೆ. ಮಾಸ್ಟ್ ಸೆಲ್ಲುಗಳು ಹಿಸ್ಟಮಿನ್ ಬಿಡುತ್ತವೆ. ಸಣ್ಣ ರಕ್ತನಾಳ ಹಿಗ್ಗುತ್ತದೆ, ಜಾಸ್ತಿ ರಕ್ತ ಬರುತ್ತದೆ. ಅದರಿಂದ ಕೆಂಪು ಮತ್ತು ಬಿಸಿ. ನಾಳದ ಗೋಡೆಯ ಕೋಶಗಳ ನಡುವೆ ಸಂದು ಬಿಡುತ್ತದೆ, ಪ್ಲಾಸ್ಮಾ ಸೋರುತ್ತದೆ. ಅದರಿಂದ ಬಾವು. ಬ್ರಾಡಿಕೈನಿನ್ ಮತ್ತು ಪ್ರೊಸ್ಟಗ್ಲಾಂಡಿನ್ ನರದ ತುದಿಗಳನ್ನು ಕೆಣಕುತ್ತವೆ. ಅದರಿಂದ ನೋವು. ಮೊದಲ ದಿನ ಅಲ್ಲಿಗೆ ಓಡಿ ಬರುವವು ನ್ಯೂಟ್ರೋಫಿಲ್ಲುಗಳು. ಆಮೇಲೆ ಮ್ಯಾಕ್ರೋಫೇಜುಗಳು. ಸತ್ತ ನ್ಯೂಟ್ರೋಫಿಲ್ಲುಗಳು ಸೇರಿಯೇ ಕೀವು ಆಗುವುದು.

ಮುಳ್ಳಿನ ಮಾತು ಬಂತು. ಇಲ್ಯಾ ಮೆಚ್ನಿಕಾಫ್ ಎಂಬ ಜೀವವಿಜ್ಞಾನಿ 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ನಿಜವಾಗಿಯೂ ಮುಳ್ಳು ಚುಚ್ಚಿ, ಸುತ್ತ ಕೋಶಗಳು ಬಂದು ಮುತ್ತಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ಹೊರಗಿನಿಂದ ಬಂದದ್ದನ್ನು ನುಂಗುವ ಕೋಶಗಳ ಬಗ್ಗೆ ನಮಗೆ ಗೊತ್ತಾಗಿದ್ದು ಅಲ್ಲಿಂದ. 1908ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು.

ಈಗ ನೋಡಿ, ಇದೇ ಕಥೆ ಶ್ವಾಸನಾಳದಲ್ಲಿ ನಡೆದರೆ ಅಸ್ತಮಾ. ಕೀಲಿನ ಪೊರೆಯಲ್ಲಿ ನಿಲ್ಲದೆ ನಡೆದರೆ ರುಮಟಾಯ್ಡ್ ಆರ್ಥ್ರೈಟಿಸ್. ರಕ್ತನಾಳದ ಗೋಡೆಯಲ್ಲಿ ಕೊಲೆಸ್ಟ್ರಾಲ್ ಸೇರಿ ವರ್ಷಗಟ್ಟಲೆ ನಡೆದರೆ ಅಥೆರೋಸ್ಕ್ಲೆರೋಸಿಸ್. ಶ್ವಾಸಕೋಶದಲ್ಲಿ ಟಿಬಿ ಬ್ಯಾಕ್ಟೀರಿಯಾವನ್ನು ಕೊಲ್ಲಲಾಗದೆ ಮ್ಯಾಕ್ರೋಫೇಜುಗಳು ಸುತ್ತುವರಿದು ನಿಂತರೆ ಗ್ರ್ಯಾನುಲೋಮಾ. ಜಾಗ ಬೇರೆ, ಕೆಣಕಿದ್ದು ಬೇರೆ. ನಡೆಯುವ ಕ್ರಮದಲ್ಲಿ ಬಹಳಷ್ಟು ಒಂದೇ. ಹಾಗಾಗಿ ಮೊದಲ ಯೂನಿಟ್ಟಿಗೆ ಬೇರೆ ಯೂನಿಟ್ಟಿಗಿಂತ ಎರಡು ಪಟ್ಟು ಸಮಯ ಕೊಡಿ. ಆ ಸಮಯ ಮುಂದೆ ವಾಪಸ್ ಬರುತ್ತದೆ.

ಐದು ಪ್ರಶ್ನೆಗಳ ಸರಪಳಿ

ಪ್ರತಿ ಕಾಯಿಲೆಗೂ ಒಂದು ಖಾಲಿ ಹಾಳೆ ಇಟ್ಟುಕೊಂಡು ಈ ಐದು ಪ್ರಶ್ನೆ ಕೇಳಿ. ಸಾಮಾನ್ಯವಾಗಿ ಏನು ನಡೆಯಬೇಕಿತ್ತು? ಎಲ್ಲಿ ಕೆಟ್ಟಿತು? ಅದಕ್ಕೆ ದೇಹ ಏನು ಮಾಡಿತು? ಹೊರಗೆ ಏನು ಕಾಣುತ್ತದೆ? ಔಷಧಿ ಯಾವ ಜಾಗದಲ್ಲಿ ತಡೆಯುತ್ತದೆ? ಉತ್ತರಗಳನ್ನು ಬಾಣ ಹಾಕಿ ಜೋಡಿಸಿ.

ಹಾರ್ಟ್ ಫೇಲ್ಯೂರ್ ಇಟ್ಟುಕೊಂಡು ಮಾಡಿ ನೋಡೋಣ. ಆರಾಮವಾಗಿ ಕೂತವರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಒತ್ತುತ್ತದೆ. ಒಬ್ಬರಿಗೆ ಹಾರ್ಟ್ ಅಟ್ಯಾಕ್ ಆಗಿ ಎಡ ವೆಂಟ್ರಿಕಲ್ಲಿನ (ಹೃದಯದ ಕೆಳಗಿನ ಕೋಣೆ) ಸ್ನಾಯುವಿನ ಒಂದು ಭಾಗ ಸತ್ತಿದೆ ಅಂದುಕೊಳ್ಳಿ. ಈಗ ಅಷ್ಟು ಒತ್ತಲು ಆಗುತ್ತಿಲ್ಲ. ಮೊದಲ ಎರಡು ಪ್ರಶ್ನೆ ಮುಗಿಯಿತು.

ಮೂರನೆಯದರಲ್ಲಿ ನಿಧಾನ ಮಾಡಿ. ಒತ್ತಡ ಇಳಿದಾಗ ಬ್ಯಾರೋರಿಸೆಪ್ಟರುಗಳು ಎಚ್ಚರಗೊಳ್ಳುತ್ತವೆ. ಸಿಂಪಥೆಟಿಕ್ ನರಗಳು ಬಡಿತ ಏರಿಸುತ್ತವೆ, ರಕ್ತನಾಳ ಬಿಗಿಯುತ್ತವೆ. ಕಿಡ್ನಿಗೆ ರಕ್ತ ಕಡಿಮೆ ಬಂತು, ಅದು ರೆನಿನ್ ಬಿಡುತ್ತದೆ. ರೆನಿನ್ನಿನಿಂದ ಆಂಜಿಯೋಟೆನ್ಸಿನ್ 1, ಎಸಿಇ ಎಂಬ ಕಿಣ್ವದಿಂದ ಅದು ಆಂಜಿಯೋಟೆನ್ಸಿನ್ 2 ಆಗುತ್ತದೆ. ಅದು ನಾಳಗಳನ್ನು ಇನ್ನಷ್ಟು ಬಿಗಿದು, ಆಲ್ಡೋಸ್ಟೆರೋನ್ ಎಂಬ ಹಾರ್ಮೋನ್ ಬಿಡಿಸುತ್ತದೆ. ಉಪ್ಪು ನಿಲ್ಲುತ್ತದೆ, ಉಪ್ಪಿನ ಜೊತೆ ನೀರೂ ನಿಲ್ಲುತ್ತದೆ.

ಅಪಘಾತದಲ್ಲಿ ರಕ್ತ ಹೋದವರಿಗೆ ಇದೇ ವ್ಯವಸ್ಥೆ ಜೀವ ಉಳಿಸುತ್ತದೆ. ಆದರೆ ಇಲ್ಲಿ ರಕ್ತ ಎಲ್ಲೂ ಹೋಗಿಲ್ಲ. ಹೃದಯ ಸೋತಿದೆ. ಕಿಡ್ನಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ತನಗೆ ರಕ್ತ ಸಾಲುತ್ತಿಲ್ಲ ಎಂಬುದಷ್ಟೇ. ಸೋತ ಹೃದಯದ ಮುಂದೆ ಬಿಗಿದ ನಾಳ, ಹಿಂದೆ ಜಾಸ್ತಿಯಾದ ನೀರು. ಅದು ಇನ್ನೂ ಸೋಲುತ್ತದೆ, ಕಿಡ್ನಿಗೆ ಇನ್ನೂ ಕಡಿಮೆ ರಕ್ತ, ಇನ್ನೂ ಜಾಸ್ತಿ ರೆನಿನ್. ನಿಮ್ಮ ಹಾಳೆಯಲ್ಲಿ ಬಾಣ ಇಲ್ಲಿ ತಿರುಗಿ ಮೊದಲಿನ ಜಾಗಕ್ಕೇ ಬರಬೇಕು. ಆ ಸುತ್ತು ಬರೆದವರಿಗೆ ಹಾರ್ಟ್ ಫೇಲ್ಯೂರ್ ಅರ್ಥವಾಗಿದೆ ಎಂದು ನಾನು ಒಪ್ಪುತ್ತೇನೆ.

ನಾಲ್ಕನೇ ಪ್ರಶ್ನೆ ಈಗ ತಾನಾಗಿ ಬಿಡಿಸಿಕೊಳ್ಳುತ್ತದೆ. ಕಾಲುವೆಯಲ್ಲಿ ಮುಂದೆ ಕಸ ಕಟ್ಟಿದರೆ ನೀರು ಹಿಂದಕ್ಕೆ ನಿಲ್ಲುವ ಹಾಗೆ, ಎಡ ವೆಂಟ್ರಿಕಲ್ ಸೋತರೆ ರಕ್ತ ಶ್ವಾಸಕೋಶದ ಕಡೆ ಕಟ್ಟಿಕೊಳ್ಳುತ್ತದೆ. ರೋಗಿ ಏನು ಹೇಳುತ್ತಾರೆ? "ಮಲಗಿದ್ರೆ ಉಸಿರು ಕಟ್ಟುತ್ತೆ, ಎರಡು ಮೂರು ದಿಂಬು ಇಟ್ಕೊಂಡ್ರೆ ವಾಸಿ." ಮಲಗಿದಾಗ ಕಾಲಿನಲ್ಲಿದ್ದ ರಕ್ತ ಎದೆಯ ಕಡೆ ಬರುತ್ತದೆ, ಮೊದಲೇ ತುಂಬಿದ ಶ್ವಾಸಕೋಶ ಇನ್ನಷ್ಟು ತುಂಬುತ್ತದೆ. ಆ ದಿಂಬಿನ ಮಾತಿಗೆ ಪುಸ್ತಕದಲ್ಲಿ ಆರ್ಥೋಪ್ನಿಯಾ ಎಂಬ ಹೆಸರಿದೆ. ಬಲಭಾಗವೂ ಸೋತರೆ ಕುತ್ತಿಗೆಯ ರಕ್ತನಾಳ ಉಬ್ಬುತ್ತದೆ, ಲಿವರ್ ದೊಡ್ಡದಾಗುತ್ತದೆ, ಕಾಲು ಊದುತ್ತದೆ.

ಐದನೆಯದು ಔಷಧಿ. ಫ್ಯುರೋಸಮೈಡ್ ನಿಂತ ಉಪ್ಪು ನೀರನ್ನು ಹೊರಹಾಕುತ್ತದೆ. ಎನಲಾಪ್ರಿಲ್ ಎಸಿಇಯನ್ನು ತಡೆಯುತ್ತದೆ. ಸ್ಪೈರೊನೊಲ್ಯಾಕ್ಟೋನ್ ಆಲ್ಡೋಸ್ಟೆರೋನಿಗೆ ಅಡ್ಡ ನಿಲ್ಲುತ್ತದೆ. ಬೀಟಾ ಬ್ಲಾಕರ್ ಸಿಂಪಥೆಟಿಕ್ ನರಗಳ ಒತ್ತಡ ಇಳಿಸುತ್ತದೆ. ಗಮನಿಸಿದಿರಾ, ಇವುಗಳಲ್ಲಿ ಯಾವುದೂ ಸತ್ತ ಸ್ನಾಯುವನ್ನು ಬದುಕಿಸುವುದಿಲ್ಲ. ಎಲ್ಲವೂ ಮೂರನೇ ಪ್ರಶ್ನೆಯ ಉತ್ತರದ ಮೇಲೆ, ಅಂದರೆ ದೇಹ ಮಾಡಿದ ಅತಿಯಾದ ಸಹಾಯದ ಮೇಲೆ ಕೆಲಸ ಮಾಡುತ್ತವೆ. ಬಹಳ ವರ್ಷ ವೈದ್ಯರೂ ಬೀಟಾ ಬ್ಲಾಕರನ್ನು ಹಾರ್ಟ್ ಫೇಲ್ಯೂರಿನಲ್ಲಿ ಕೊಡಲೇಬಾರದು ಎನ್ನುತ್ತಿದ್ದರು. ಸೋತ ಹೃದಯವನ್ನು ಇನ್ನೂ ನಿಧಾನ ಮಾಡುವುದೇ ಎಂಬ ಭಯ. 1990ರ ದಶಕದ ದೊಡ್ಡ ಪ್ರಯೋಗಗಳಲ್ಲಿ ಕಾರ್ವೆಡಿಲಾಲ್, ಬಿಸೊಪ್ರೊಲಾಲ್, ಮೆಟೊಪ್ರೊಲಾಲ್ ಸಾವು ಕಡಿಮೆ ಮಾಡುತ್ತವೆ ಎಂದು ಕಂಡಿತು. ಈಗ ರೋಗಿ ಸ್ಥಿರವಾದ ಮೇಲೆ ಕಡಿಮೆ ಡೋಸಿನಲ್ಲಿ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ಒಂದು ಕಾಯಿಲೆಯನ್ನು ಅರ್ಥ ಮಾಡಿಕೊಳ್ಳುವ ರೀತಿ ಬದಲಾದರೆ ಚಿಕಿತ್ಸೆಯೇ ತಲೆಕೆಳಗಾಗುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಿಂದುಮುಂದಾಗಿ ಓದಿ: ಲಕ್ಷಣದಿಂದ ಕಾರಣಕ್ಕೆ

ಪುಸ್ತಕ ಕಾಯಿಲೆಯಿಂದ ಲಕ್ಷಣಕ್ಕೆ ಹೋಗುತ್ತದೆ. ರೋಗಿ ಬರುವುದು ಲಕ್ಷಣ ಹೊತ್ತುಕೊಂಡು. ಹಾಗಾಗಿ ವಾರಕ್ಕೊಮ್ಮೆ ಒಂದು ಲಕ್ಷಣ ಹಿಡಿದು ಹಿಂದಕ್ಕೆ ನಡೆಯಿರಿ.

ಕಾಲು ಬಾವು ಒಳ್ಳೆಯ ಆರಂಭ. ಕ್ಯಾಪಿಲರಿಯ ಒಳಗಿನ ಒತ್ತಡ ನೀರನ್ನು ಹೊರಗೆ ತಳ್ಳುತ್ತದೆ. ರಕ್ತದಲ್ಲಿರುವ ಆಲ್ಬುಮಿನ್ ಪ್ರೋಟೀನು ನೀರನ್ನು ಒಳಗೆ ಹಿಡಿದಿಡುತ್ತದೆ. ಗೋಡೆ ಗಟ್ಟಿಯಾಗಿದ್ದು ಪ್ರೋಟೀನ್ ಸೋರದಂತೆ ನೋಡಿಕೊಳ್ಳುತ್ತದೆ. ಆದರೂ ಹೊರಗೆ ಹೋದದ್ದನ್ನು ಲಿಂಫ್ ನಾಳಗಳು ವಾಪಸ್ ತರುತ್ತವೆ. ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಶರೀರಶಾಸ್ತ್ರಜ್ಞ 1896ರಲ್ಲಿ ಇದರಲ್ಲಿ ಮೊದಲ ಎರಡರ ಎಳೆದಾಟವನ್ನು ವಿವರಿಸಿದ. ನಾಲ್ಕು ಕೆಲಸ, ಹಾಗಾಗಿ ಕೆಡಲು ನಾಲ್ಕು ದಾರಿ.

ಒತ್ತಡ ಜಾಸ್ತಿಯಾದರೆ ಬಾವು, ಹಾರ್ಟ್ ಫೇಲ್ಯೂರಿನಲ್ಲಿ ಆಗುವುದು ಇದು. ಆಲ್ಬುಮಿನ್ ಕಡಿಮೆಯಾದರೂ ಬಾವು. ರಕ್ತದಲ್ಲಿ ಅದು ಡೆಸಿಲೀಟರಿಗೆ 3.5ರಿಂದ 5 ಗ್ರಾಂ ಇರಬೇಕು. ಕಿಡ್ನಿಯ ಸೋಸುವ ಪೊರೆ ಕೆಟ್ಟ ನೆಫ್ರೋಟಿಕ್ ಸಿಂಡ್ರೋಮಿನಲ್ಲಿ ಅದು ಮೂತ್ರದ ಮೂಲಕ ಹೋಗಿಬಿಡುತ್ತದೆ, ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿರುತ್ತದೆ. ಸಿರೋಸಿಸ್ ಆದ, ಅಂದರೆ ಕಲೆಗಟ್ಟಿ ಗಟ್ಟಿಯಾದ, ಲಿವರ್ ಆಲ್ಬುಮಿನ್ ತಯಾರಿಸುವುದೇ ಕಡಿಮೆ. ಅದರ ಜೊತೆ ಕರುಳಿನಿಂದ ಲಿವರಿಗೆ ರಕ್ತ ತರುವ ಪೋರ್ಟಲ್ ರಕ್ತನಾಳದಲ್ಲಿ ಒತ್ತಡವೂ ಏರುವುದರಿಂದ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಗೋಡೆ ಸೋರಿದರೆ ಬಾವು, ಮುಳ್ಳು ಚುಚ್ಚಿದ ಬೆರಳು ಅದೇ. ಲಿಂಫ್ ದಾರಿ ಮುಚ್ಚಿದರೆ ಆನೆಕಾಲು. ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕ್ಯೂಲೆಕ್ಸ್ ಸೊಳ್ಳೆ ಹರಡುವ ವುಚೆರೇರಿಯಾ ಹುಳು ಲಿಂಫ್ ನಾಳಗಳಲ್ಲಿ ಸೇರಿಕೊಂಡು ಮಾಡುವ ಕೆಲಸ ಅದು. ಮೊದಲ ಎರಡು ದಾರಿಯ ಬಾವನ್ನು ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಹಳೆಯ ಆನೆಕಾಲಿನಲ್ಲಿ ಚರ್ಮ ಗಟ್ಟಿಯಾಗಿ ಗುಳಿ ಬೀಳುವುದಿಲ್ಲ.

ಉಸಿರಾಟದ ತೊಂದರೆ, ಕಾಮಾಲೆ, ಸುಸ್ತು, ಜಾಸ್ತಿ ಮೂತ್ರ. ಇವನ್ನೂ ಹೀಗೇ ಮಾಡಿ. ಕಾಮಾಲೆಯಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ತಯಾರಾಗುವುದರಿಂದ ಹಿಡಿದು ಕರುಳಿಗೆ ಹೋಗುವ ತನಕ ಇರುವ ದಾರಿಯಲ್ಲಿ ಲಿವರಿನ ಮೊದಲು, ಲಿವರಿನಲ್ಲಿ, ಲಿವರಿನ ನಂತರ ಎಂದು ಮೂರು ಜಾಗ ಗುರುತಿಸಿದರೆ ಪಾಠ ಅಲ್ಲಿಗೇ ಮುಗಿಯುತ್ತದೆ.

ಪ್ರತಿ ಬಾಣಕ್ಕೂ ಯಾಕೆ ಎಂದು ಕೇಳಿ

ಬಾಣ ಹಾಕಿದ ಮಾತ್ರಕ್ಕೆ ಅರ್ಥವಾಯಿತು ಎಂದಲ್ಲ. "ಇನ್ಸುಲಿನ್ ಕಡಿಮೆ, ಆಮೇಲೆ ಕೀಟೋನ್ ಜಾಸ್ತಿ" ಎಂದು ಗೀಟು ಎಳೆದುಬಿಡಬಹುದು. ನಡುವೆ ಏನಾಯಿತು?

ಟೈಪ್ 1 ಶುಗರ್ ಇರುವ ಹುಡುಗಿ ಇನ್ಸುಲಿನ್ ತಪ್ಪಿಸಿದ್ದಾಳೆ ಅಂದುಕೊಳ್ಳಿ. ಸ್ನಾಯು ಮತ್ತು ಕೊಬ್ಬಿನ ಕೋಶಗಳ ಒಳಗೆ ಗ್ಲೂಕೋಸ್ ಸರಿಯಾಗಿ ಹೋಗುತ್ತಿಲ್ಲ. ತಡೆಯುವವರು ಇಲ್ಲದೆ ಲಿವರ್ ಇನ್ನಷ್ಟು ಗ್ಲೂಕೋಸ್ ತಯಾರಿಸುತ್ತಿದೆ. ರಕ್ತದಲ್ಲಿ ಗ್ಲೂಕೋಸ್ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಕಿಡ್ನಿಗೆ ಎಲ್ಲವನ್ನೂ ವಾಪಸ್ ಹೀರಲು ಆಗುವುದಿಲ್ಲ. ಮೂತ್ರಕ್ಕೆ ಇಳಿದ ಗ್ಲೂಕೋಸ್ ತನ್ನ ಜೊತೆ ನೀರು ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಜಾಸ್ತಿ ಮೂತ್ರ, ಹಾಗಾಗಿ ಬಾಯಾರಿಕೆ, ಹಾಗಾಗಿ ನಿರ್ಜಲೀಕರಣ. ಇನ್ನೊಂದು ಕಡೆ ಕೊಬ್ಬು ಕರಗಲು ಶುರುವಾಗಿ, ಲಿವರ್ ಅದನ್ನು ಕೀಟೋನ್ ಮಾಡುತ್ತದೆ. ಕೀಟೋನುಗಳು ಆಮ್ಲ. ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರಬೇಕಾದದ್ದು ಇಳಿಯುತ್ತದೆ. ಆಗ ದೇಹ ಏನು ಮಾಡುತ್ತದೆ? ಆಳವಾಗಿ, ಬೇಗ ಬೇಗ ಉಸಿರಾಡಿ ಕಾರ್ಬನ್ ಡೈಆಕ್ಸೈಡನ್ನು ಹೊರಹಾಕುತ್ತದೆ. ಅಡಾಲ್ಫ್ ಕುಸ್‌ಮಾಲ್ ಎಂಬ ಜರ್ಮನ್ ವೈದ್ಯ 1874ರಲ್ಲಿ ವಿವರಿಸಿದ ಉಸಿರಾಟ ಇದು. ಶ್ವಾಸಕೋಶದಲ್ಲಿ ಯಾವ ತೊಂದರೆಯೂ ಇಲ್ಲ. ಆಮ್ಲ ಇಳಿಸಲು ಅದು ದುಡಿಯುತ್ತಿದೆ, ಅಷ್ಟೇ.

ಪೊಟ್ಯಾಸಿಯಂ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ರಿಪೋರ್ಟಿನಲ್ಲಿ ಅದು ಸರಿಯಾಗಿಯೇ ಇರುತ್ತದೆ, ಕೆಲವೊಮ್ಮೆ ಜಾಸ್ತಿಯೂ ಇರುತ್ತದೆ. ಆದರೆ ದೇಹದ ಒಟ್ಟು ಪೊಟ್ಯಾಸಿಯಂ ಕಡಿಮೆಯಾಗಿದೆ. ಇನ್ಸುಲಿನ್ ಇಲ್ಲದ ಕಾರಣ ಕೋಶದ ಒಳಗಿನದು ಹೊರಗೆ ಬಂದು, ಅಲ್ಲಿಂದ ಮೂತ್ರದಲ್ಲಿ ಹೋಗುತ್ತಿದೆ. ಈಗ ಇನ್ಸುಲಿನ್ ಕೊಟ್ಟರೆ ರಕ್ತದಲ್ಲಿ ಉಳಿದದ್ದೂ ಕೋಶದ ಒಳಗೆ ಓಡುತ್ತದೆ. ರಕ್ತದ ಮಟ್ಟ ಕುಸಿದು ಹೃದಯದ ತಾಳ ತಪ್ಪಬಹುದು. ಅದಕ್ಕೇ ಪೊಟ್ಯಾಸಿಯಂ ನೋಡದೆ ಇನ್ಸುಲಿನ್ ಡ್ರಿಪ್ ಶುರು ಮಾಡುವುದಿಲ್ಲ. ಮೊದಲೇ ಬಹಳ ಕಡಿಮೆ ಇದ್ದರೆ ಅದನ್ನು ಸರಿಮಾಡಿಯೇ ಮುಂದಿನ ಹೆಜ್ಜೆ. ಪಟ್ಟಿ ಉರು ಹೊಡೆದವರಿಗೆ ಇದು ಎಂದೂ ಹೊಳೆಯುವುದಿಲ್ಲ. ಯಾಕೆ ಎಂದು ಕೇಳುತ್ತಾ ಬಂದವರಿಗೆ ತಾನಾಗಿ ಹೊಳೆಯುತ್ತದೆ.

ಲ್ಯಾಬ್ ರಿಪೋರ್ಟ್ ಪಕ್ಕದಲ್ಲಿಟ್ಟುಕೊಳ್ಳಿ

ರಕ್ತಹೀನತೆಯ ಪಾಠವನ್ನು ಸಿಬಿಸಿ (ರಕ್ತಕಣಗಳ ಎಣಿಕೆಯ ಪರೀಕ್ಷೆ) ರಿಪೋರ್ಟ್ ಇಲ್ಲದೆ ಓದಬೇಡಿ. ಹೆಸರು ತೆಗೆದ ಹಳೆಯ ರಿಪೋರ್ಟ್ ಯಾರ ಬಳಿಯಾದರೂ ಸಿಗುತ್ತದೆ. ಅದರಲ್ಲಿ ಎಂಸಿವಿ ಎಂಬ ಸಾಲು ಹುಡುಕಿ. ಕೆಂಪು ರಕ್ತಕಣದ ಸರಾಸರಿ ಗಾತ್ರ ಅದು. 80ರಿಂದ 100 ಫೆಮ್ಟೋಲೀಟರ್ ಇರಬೇಕು.

ಕಬ್ಬಿಣ ಕಡಿಮೆಯಾದರೆ ಕಣ ಚಿಕ್ಕದು, ಬಿ12 ಅಥವಾ ಫೋಲಿಕ್ ಆಸಿಡ್ ಕಡಿಮೆಯಾದರೆ ದೊಡ್ಡದು. ಉರು ಹೊಡೆದರೆ ಪರೀಕ್ಷೆಯ ಹೊತ್ತಿಗೆ ಇದು ಅದಲುಬದಲಾಗುವುದು ಖಂಡಿತ. ಕಾರಣ ತಿಳಿದಿದ್ದರೆ ಆಗುವುದಿಲ್ಲ. ಮೂಳೆಮಜ್ಜೆಯಲ್ಲಿ ಬೆಳೆಯುವ ಕಣ ಹಿಮೋಗ್ಲೋಬಿನ್ ಸಾಕಷ್ಟು ತುಂಬುವ ತನಕ ವಿಭಜನೆ ಆಗುತ್ತಲೇ ಇರುತ್ತದೆ. ಕಬ್ಬಿಣ ಇಲ್ಲದೆ ಅದು ಬೇಗ ತುಂಬುವುದಿಲ್ಲ, ಹಾಗಾಗಿ ಒಂದೆರಡು ಸಲ ಜಾಸ್ತಿ ಒಡೆದು ಚಿಕ್ಕದಾಗುತ್ತದೆ. ಬಿ12 ಕಡಿಮೆಯಾದರೆ ಕಣದೊಳಗೆ ಹಿಮೋಗ್ಲೋಬಿನ್ ತುಂಬಲು ತೊಂದರೆ ಇಲ್ಲ, ಡಿಎನ್‌ಎ ತಯಾರಾಗುವುದು ನಿಧಾನ. ಕೋಶ ಬೆಳೆಯುತ್ತಲೇ ಇರುತ್ತದೆ, ಒಡೆಯಲು ಆಗುವುದಿಲ್ಲ. ದೊಡ್ಡದಾಗುತ್ತದೆ.

ಸಿಕಲ್ ಸೆಲ್ ಕಾಯಿಲೆಯನ್ನೂ ಇದೇ ಶ್ರದ್ಧೆಯಿಂದ ಓದಿ. ಹಿಮೋಗ್ಲೋಬಿನಿನ ಬೀಟಾ ಸರಪಳಿಯ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಸಿಡ್ ಬದಲು ವ್ಯಾಲೀನ್ ಇದೆ. ಬದಲಾದದ್ದು ಅಷ್ಟೇ. ಆಕ್ಸಿಜನ್ ಬಿಟ್ಟಾಗ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಕಡ್ಡಿಯಾಗುತ್ತದೆ, ಕಣ ಕುಡುಗೋಲಿನಂತೆ ಬಾಗುತ್ತದೆ, ಸಣ್ಣ ನಾಳ ಮುಚ್ಚುತ್ತದೆ, ತಡೆಯಲಾರದ ನೋವು ಬರುತ್ತದೆ. 120 ದಿನ ಬದುಕಬೇಕಾದ ಕಣ 10ರಿಂದ 20 ದಿನದಲ್ಲಿ ಒಡೆಯುತ್ತದೆ. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆ ಇದೆ. ನೀವು ಆ ಕಡೆ ಕೆಲಸ ಮಾಡುವವರಾದರೆ ಇದು ಐದು ಅಂಕದ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ.

ಕನ್ನಡದಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಬರೆಯಿರಿ

ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಈ ಪೇಪರಿನಲ್ಲಿ ಹಿಂದೆ ಬೀಳುವುದು ವಿಷಯ ಕಷ್ಟ ಎಂದಲ್ಲ. ವಾಕ್ಯ ಅರ್ಥವಾಗುವ ಮೊದಲೇ ಪದಗಳು ಸುಸ್ತು ಮಾಡಿಬಿಡುತ್ತವೆ. ಅವರಿಗೆ ನಾನು ಹೇಳುವುದು ಇಷ್ಟು. ಪುಟ ಓದಿ, ಪುಸ್ತಕ ಮುಚ್ಚಿ, ಹಾಸ್ಟೆಲಿನ ಗೆಳೆಯರಿಗೋ ಗೋಡೆಗೋ ಕನ್ನಡದಲ್ಲಿ ಜೋರಾಗಿ ಹೇಳಿ. "ಹೃದಯ ಸೋತಿದೆ, ಕಿಡ್ನಿಗೆ ರಕ್ತ ಬರ್ತಿಲ್ಲ, ಅದು ಉಪ್ಪು ಹಿಡ್ಕೊಳ್ತಿದೆ." ಎಲ್ಲಿ ತಡವರಿಸುತ್ತೀರೋ ಅಲ್ಲಿ ನಿಮಗೆ ಅರ್ಥವಾಗಿಲ್ಲ. ಅದನ್ನಷ್ಟೇ ಮತ್ತೆ ಓದಿ. ಆಮೇಲೆ ಅದೇ ಸರಪಳಿಯನ್ನು ಇಂಗ್ಲಿಷಿನಲ್ಲಿ ಚಿಕ್ಕ ಚಿಕ್ಕ ವಾಕ್ಯದಲ್ಲಿ ಬರೆಯಿರಿ. ಒಂದು ಬಾಣಕ್ಕೆ ಒಂದು ವಾಕ್ಯ. ಅಂಕ ಕೊಡುವವರು ಹುಡುಕುವುದು ಕ್ರಮವನ್ನು, ಭಾಷೆಯ ಸೊಗಸನ್ನಲ್ಲ.

ಪದಗಳಿಗೆ ಒಂದು ಸಣ್ಣ ಉಪಾಯ. 'ಐಟಿಸ್' ಎಂದು ಮುಗಿದರೆ ಉರಿಯೂತ, 'ಈಮಿಯಾ' ಅಂದರೆ ರಕ್ತದಲ್ಲಿ, 'ಯೂರಿಯಾ' (uria) ಎಂದು ಕೊನೆಗೆ ಬಂದರೆ ಮೂತ್ರದಲ್ಲಿ, 'ಮೆಗಲಿ' ಎಂದರೆ ದೊಡ್ಡದಾಗಿದೆ. ಇಂಥ ಇಪ್ಪತ್ತು ಮೂವತ್ತು ತುಂಡುಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟರೆ ಹೊಸ ಪದ ಬಂದಾಗ ಹೆದರಿಕೆ ಆಗುವುದಿಲ್ಲ.

ಮರುಓದು, ಮತ್ತು ಊರಿನವರ ರಿಪೋರ್ಟು

ನೋಟ್ಸನ್ನು ಮತ್ತೆ ಮತ್ತೆ ಓದುವುದು ಮರುಓದು ಅಲ್ಲ. ಓದುತ್ತಾ ಹೋದಂತೆ ಎಲ್ಲ ಗೊತ್ತಿರುವ ಹಾಗೆ ಅನಿಸುತ್ತದೆ, ಖಾಲಿ ಹಾಳೆ ಕೊಟ್ಟರೆ ಏನೂ ಬರುವುದಿಲ್ಲ. ಪಾಠ ಆದ ಮರುದಿನ, ಒಂದು ವಾರದ ನಂತರ, ಒಂದು ತಿಂಗಳ ನಂತರ, ಅದೇ ಕಾಯಿಲೆಯ ಸರಪಳಿಯನ್ನು ನೋಡದೆ ಬಿಡಿಸಿ. ಬಿಟ್ಟುಹೋದ ಬಾಣಗಳನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಮುಂದಿನ ಸಲ ಆ ಕೆಂಪು ಬಾಣಗಳನ್ನು ಮಾತ್ರ ನೋಡಿದರೆ ಸಾಕು.

ಇದನ್ನು ಓದಲು ಶುರು ಮಾಡಿದ ಮೇಲೆ ಎರಡು ವಿಷಯ ಎದುರಾಗುತ್ತವೆ. ಓದಿದ ಕಾಯಿಲೆಯೆಲ್ಲ ತನಗೇ ಇದೆ ಅನಿಸುವುದು ಒಂದು. ಅದು ಎಲ್ಲರಿಗೂ ಆಗುತ್ತದೆ, ಹೋಗುತ್ತದೆ. ಹೋಗದೆ ಕಾಡಿದರೆ ಡಾಕ್ಟರಿಗೆ ತೋರಿಸಿ, ಇಂಟರ್ನೆಟ್ಟಿನಲ್ಲಿ ಹುಡುಕುತ್ತಾ ಕೂರಬೇಡಿ. ಇನ್ನೊಂದು, ರಜೆಗೆ ಊರಿಗೆ ಹೋದಾಗ ಅತ್ತೆ, ಮಾವ, ಪಕ್ಕದ ಮನೆಯವರು ರಿಪೋರ್ಟ್ ತಂದು ಮುಂದಿಡುವುದು. "ನೀನು ಓದ್ತಿದ್ಯಲ್ಲ, ನೋಡಿ ಹೇಳಪ್ಪ." ಕ್ರಿಯಾಟಿನಿನ್ ಅಂದರೆ ಏನು, ಶುಗರ್ ಮಾತ್ರೆಯನ್ನು ಯಾಕೆ ನಿಲ್ಲಿಸಬಾರದು ಎಂದು ವಿವರಿಸಿ. ಅವರಿಗೆ ಅದು ನಿಜಕ್ಕೂ ಉಪಯೋಗ. ಕಾಯಿಲೆ ಇದೇ ಎಂದು ಹೇಳುವುದು, ಮಾತ್ರೆ ಬದಲಿಸುವುದು ನಿಮ್ಮ ಕೆಲಸ ಅಲ್ಲ. ಅದನ್ನು ಅವರಿಗೆ ನೇರವಾಗಿಯೇ ಹೇಳಿ.

ಪರೀಕ್ಷೆಯ ದಿನ

ಪಿಸಿಐ ಮಾದರಿಯಲ್ಲಿ ಸೆಮಿಸ್ಟರ್ ಕೊನೆಯ ಪೇಪರು 75 ಅಂಕಕ್ಕೆ, ಮೂರು ಗಂಟೆ. ಬಹು ಆಯ್ಕೆಯ ಅಥವಾ ಎರಡಂಕದ ಪ್ರಶ್ನೆಗಳಿಗೆ 20, ಹತ್ತು ಅಂಕದ ಮೂರರಲ್ಲಿ ಎರಡು, ಐದು ಅಂಕದ ಒಂಬತ್ತರಲ್ಲಿ ಏಳು. ನಿಮ್ಮ ಯೂನಿವರ್ಸಿಟಿ ಸ್ವಲ್ಪ ಬದಲಿಸಿರಬಹುದು, ಹಳೆಯ ಪ್ರಶ್ನೆಪತ್ರಿಕೆ ತೆಗೆದು ನೋಡಿಕೊಳ್ಳಿ. ಐದು ಅಂಕದವೇ ಸೇರಿ 35 ಆಗುತ್ತವೆ ಎಂಬುದನ್ನು ಗಮನಿಸಿ. ದೊಡ್ಡ ಪ್ರಶ್ನೆಗೆ ಪುಟಗಟ್ಟಲೆ ಬರೆದು, ಕೊನೆಗೆ ಎರಡು ಐದಂಕದ ಪ್ರಶ್ನೆ ಬಿಟ್ಟು ಎದ್ದು ಬರುವವರು ಪ್ರತಿ ವರ್ಷ ಇರುತ್ತಾರೆ.

ಮೊದಲ 20 ಅಂಕಕ್ಕೆ ಅರ್ಧ ಗಂಟೆ. ಹತ್ತಂಕದ ಒಂದೊಂದಕ್ಕೆ 25 ನಿಮಿಷ. ಐದಂಕದ ಒಂದೊಂದಕ್ಕೆ 12 ನಿಮಿಷ. ಇನ್ನೂ ಕಾಲು ಗಂಟೆ ಕೈಯಲ್ಲಿ ಉಳಿಯುತ್ತದೆ. ಐದಂಕದ ಉತ್ತರದಲ್ಲಿ ಎರಡು ಸಾಲಿನ ಡೆಫಿನಿಷನ್, ಆಮೇಲೆ ಅರ್ಧ ಪುಟದ ಫ್ಲೋಚಾರ್ಟ್, ಅದರ ಪಕ್ಕದಲ್ಲಿ ಪ್ರತಿ ಬಾಣಕ್ಕೂ ಒಂದು ವಾಕ್ಯದ ಕಾರಣ, ಕೊನೆಗೆ ಲಕ್ಷಣಗಳು. ಲಕ್ಷಣಗಳನ್ನು ಬೇರೆ ಪಟ್ಟಿ ಮಾಡುವ ಬದಲು ಅವು ಹುಟ್ಟಿದ ಬಾಣದ ತುದಿಯಲ್ಲೇ ಬರೆದರೆ ಇನ್ನೂ ಒಳ್ಳೆಯದು. ಉಳಿದ ಕಾಲು ಗಂಟೆಯಲ್ಲಿ ಫ್ಲೋಚಾರ್ಟುಗಳನ್ನು ಮಾತ್ರ ಮತ್ತೆ ನೋಡಿ, "ಜಾಸ್ತಿ" ಎನ್ನುವ ಕಡೆ "ಕಡಿಮೆ" ಎಂದು ಬಾಣ ಕೆಳಮುಖ ಹಾಕಿದ್ದೀರಾ ಎಂದು ಪರೀಕ್ಷಿಸಿ. ಗಡಿಬಿಡಿಯಲ್ಲಿ ಅತಿ ಹೆಚ್ಚು ತಪ್ಪಾಗುವುದು ಅಲ್ಲೇ.